ಬಿಸಿಲು ಕಲಿಸಿದ ಪಾಠ: ಚಂಡೀಗಢದ ಲೆ ಕಾರ್ಬೂಸಿಯೆ

ದೇಶ ವಿಭಜನೆಯಲ್ಲಿ ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿ ಬೇಕಿತ್ತು. ಆ ಹೊಣೆ ಹೊತ್ತು 1951ರ ಆರಂಭದಲ್ಲಿ ಭಾರತಕ್ಕೆ ಬಂದಾಗ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಅವರಿಗೆ 63 ವರ್ಷ. ಹೆಸರು ಜಗದ್ವಿಖ್ಯಾತವಾಗಿತ್ತು, ಅದರ ಬೆನ್ನಿಗೇ ಒಂದು ದೊಡ್ಡ ಸೋಲೂ ಇತ್ತು.

1887ರ ಅಕ್ಟೋಬರ್ 6ರಂದು ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದ ಅವರ ನಿಜನಾಮ ಶಾರ್ಲ್ ಎದುವಾರ್ ಜನ್ನರೆ. ಗಡಿಯಾರ ತಯಾರಿಕೆಗೆ ಹೆಸರಾದ ಊರಿನ ಈ ಯುವಕ ಪ್ಯಾರಿಸಿನಲ್ಲಿ ನೆಲೆಸಿ ಗಾಜು, ಕಾಂಕ್ರೀಟಿನ ಹೊಸ ವಾಸ್ತುಶಿಲ್ಪದ ಮುಂದಾಳಾದರು. 1933ರಲ್ಲಿ ಅಲ್ಲಿ ಸಾಲ್ವೇಷನ್ ಆರ್ಮಿಗಾಗಿ ನಿರ್ಗತಿಕರ ಆಶ್ರಯಧಾಮ ಕಟ್ಟಿದರು. ದಕ್ಷಿಣದ ಗೋಡೆಯೆಲ್ಲ ಗಾಜು. ಅದರಲ್ಲಿ ತೆರೆಯುವ ಕಿಟಕಿ ಇಲ್ಲ. ಯೋಜಿಸಿದ್ದ ತಂಪುಕಾರಿ ಯಂತ್ರ ಹಣದ ಕೊರತೆಯಿಂದ ಬರಲೇ ಇಲ್ಲ. ಬೇಸಿಗೆಯಲ್ಲಿ ಒಳಗಿದ್ದವರು ಬೆಂದುಹೋದರು. ಕೊನೆಗೆ ತೆರೆಯುವ ಕಿಟಕಿಗಳನ್ನು, ಮಹಾಯುದ್ಧದ ನಂತರ ಬಿಸಿಲು ತಡೆಯುವ ಕಾಂಕ್ರೀಟ್ ಫಲಕಗಳನ್ನು ಅಳವಡಿಸಬೇಕಾಯಿತು.

ಚಂಡೀಗಢದ ಸರ್ಕಾರಿ ಕಟ್ಟಡಗಳು ಆ ಪಾಠದ ಫಲ. ಉಷ್ಣತೆ, ತೇವಾಂಶ, ಗಾಳಿ, ಬಿಸಿಲುಗಳನ್ನು ತಿಂಗಳವಾರು ಗುರುತಿಸುವ ಹವಾಮಾನ ಪಟ್ಟಿಯೊಂದನ್ನು ಅವರ ಕಚೇರಿ ಸಿದ್ಧಪಡಿಸಿತು. 1955ರಲ್ಲಿ ಪೂರ್ಣಗೊಂಡ ಹೈಕೋರ್ಟಿಗೆ ಕೊಡೆ ಹಿಡಿದಂತೆ ಮೇಲೊಂದು ಚಾವಣಿ. ಅದಕ್ಕೂ ಕೆಳಗಿನ ಕೊಠಡಿಗಳಿಗೂ ನಡುವೆ ಗಾಳಿಯ ಓಡಾಟ. ಮುಂಭಾಗದಲ್ಲಿ ಆಳವಾದ ಕಾಂಕ್ರೀಟ್ ಜಾಲರಿ, ಎದುರಿಗೆ ನೀರಿನ ಕೊಳ. 254 ಮೀಟರ್ ಉದ್ದದ ಸಚಿವಾಲಯಕ್ಕೂ ಅಂಥದೇ ಬಿಸಿಲುತಡೆ. ವಿದ್ಯುತ್ತಿಲ್ಲದೆ ನೆರಳು, ಗಾಳಿ ಒದಗಿಸುವ ಈ ಹಂಬಲ ನಮ್ಮ ಹಳೆಯ ಮನೆಗಳ ಜಗಲಿ, ತೊಟ್ಟಿಗಳಿಗೆ ಹೊಸದೇನಲ್ಲ.

ಆದರೆ ಗೆಲುವು ಪೂರ್ಣವಾಗಿರಲಿಲ್ಲ. ಹಗಲೆಲ್ಲ ಕಾದ ದಪ್ಪ ಕಾಂಕ್ರೀಟು ಸಂಜೆಯ ವೇಳೆಗೆ ಶಾಖ ಉಗುಳುತ್ತದೆ. ನ್ಯಾಯಾಲಯದ ಕೊಠಡಿಗಳ ಬಾಗಿಲಲ್ಲಿ ನಿಂತವರಿಗೆ ಬಿಸಿಲು, ಮಳೆಯ ಕಾಟ ತಪ್ಪಲಿಲ್ಲ. 2ರಿಂದ 9ನೆಯ ಕೊಠಡಿಗಳ ಮುಂದೆ ವರಾಂಡ ಬಂದಿತು. ಒಂದನೆಯದರ ಮುಂದೆ ಬರಲಿಲ್ಲ.

1965ರ ಆಗಸ್ಟ್ 27ರಂದು ದಕ್ಷಿಣ ಫ್ರಾನ್ಸಿನ ಕಡಲಲ್ಲಿ ಈಜುತ್ತಿದ್ದಾಗ ಕಾರ್ಬೂಸಿಯೆ ಕೊನೆಯುಸಿರೆಳೆದರು. 2016ರಲ್ಲಿ ಈ ಕಟ್ಟಡಗಳ ಸಮುಚ್ಚಯ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಒಂದನೆಯ ಕೊಠಡಿಯ ವರಾಂಡದ ವಿವಾದ ಮಾತ್ರ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2025ರ ಮೇ ತಿಂಗಳಲ್ಲಿ ಅದನ್ನು ಕಟ್ಟಲು ಅನುಮತಿ ದೊರೆಯಿತು.