ಕಿಟ್ಟೆಲ್ ಅಯ್ಯನವರು ಕೂಡಿಸಿದ ಮಾತುಗಳು

ಮೈಸೂರು ನಗರದ ದೇವರಾಜ ಮಾರುಕಟ್ಟೆಗೆ ವೀಳ್ಯದೆಲೆಯನ್ನಾಗಲಿ ಹೂವನ್ನಾಗಲಿ ಹೊತ್ತು ತರುವ ನಮ್ಮ ಗ್ರಾಮಸಭೆಗಳ ಸಹೋದರ ಸಹೋದರಿಯರು, ಪಟ್ಟಣದವರ ಮುಂದೆ ತಮ್ಮ ಮಾತು ಒರಟೆಂದು ನಾಚಿ ತಲೆತಗ್ಗಿಸುವುದುಂಟು. ಓದುಬರಹವಿಲ್ಲದ ನಮ್ಮಿಂದ ಯಾರಿಗೇನು ಪ್ರಯೋಜನ, ಇಂಥ ಬಾಳಿಗಾಗಿ ದೇವರನ್ನು ಸ್ತುತಿಸುವುದು ಹೇಗೆ ಎಂದು ಕೊರಗುವವರೂ ಇದ್ದಾರೆ. ಅಂಥವರು ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರ ಚರಿತ್ರೆಯನ್ನು ಕೇಳತಕ್ಕದ್ದು.

ಇವರು 1832ನೆಯ ಇಸವಿ ಏಪ್ರಿಲ್ 7ರಂದು ಜರ್ಮನಿಯ ಉತ್ತರಭಾಗದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಸಭಾಪಾಲಕರೊಬ್ಬರ ಮಗನಾಗಿ ಹುಟ್ಟಿದರು. ಲಂಡನ್ ಮಿಷನ್ನಿನ ರೀವ್ ಅಯ್ಯನವರ ಕನ್ನಡ ನಿಘಂಟು ಅಚ್ಚಾದದ್ದೂ ಅದೇ ವರ್ಷ. ಬಾಸೆಲ್ ಮಿಷನ್ನಿನಲ್ಲಿ ಶಿಕ್ಷಣ ಹೊಂದಿ 1853ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರುಷ. ಬಂದದ್ದು ಸುವಾರ್ತೆಯನ್ನು ಸಾರುವುದಕ್ಕೆ. ಆದರೆ ಆ ಕೆಲಸದಲ್ಲಿ ಅವರು ಹೆಸರುಗೊಳ್ಳಲಿಲ್ಲ. ಕಾಲಕ್ರಮದಲ್ಲಿ ಗ್ರಂಥಕಾರ್ಯವೇ ಅವರ ಪಾಲಿಗೆ ಬಂತು. ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿ ಹೇಳುವ ಅವರ ಕಥಾಮಾಲೆಯು 1862ರಲ್ಲಿ ಪ್ರಕಟವಾಯಿತು. ಎರಡು ವರುಷಗಳೊಳಗೆ, 1864ರಲ್ಲಿ, ಪತ್ನಿಯಾದ ಪೌಲಿನಾ ಅಮ್ಮನವರು ಎಳೆಯ ಮಕ್ಕಳನ್ನು ಬಿಟ್ಟು ಕರ್ತನಲ್ಲಿ ನಿದ್ರೆಹೋದರು. ಮೂರು ವರುಷಗಳ ತರುವಾಯ ಅಯ್ಯನವರು ಆಕೆಯ ತಂಗಿಯನ್ನು ವಿವಾಹವಾದರು.

ಬಯಸಿ ಬಂದ ಸೇವೆಯು ಹೀಗೆ ಬೇರೊಂದಾಗಲು, ಅವರು ಕೈಗೆ ಬಂದದ್ದನ್ನೇ ಹಿಡಿದರು. ನಿಘಂಟಿಗಾಗಿ ಹಳೆಗನ್ನಡದ ಓಲೆಗ್ರಂಥಗಳನ್ನು ಶೋಧಿಸಿದ್ದು ದೊಡ್ಡ ಪಾಂಡಿತ್ಯವೇ ಸರಿ. ಆದರೂ ಅದಕ್ಕಿಂತ ನಮಗೆ ಹೆಚ್ಚಾಗಿ ಕಾಣುವುದು ಬೇರೊಂದು ಸಂಗತಿ. ಕೂರಿಗೆ, ಕುಂಟೆ, ಮೊರ, ರಾಟೆ ಎಂಬ ಮನೆಮಾರಿನ ಮಾತುಗಳೂ, ಅಜ್ಜಿಯಂದಿರ ಗಾದೆಗಳೂ ಕವಿಗಳ ಮಾತುಗಳ ಪಕ್ಕದಲ್ಲಿಯೇ ಅಲ್ಲಿ ಸ್ಥಳ ಪಡೆದವು. ಉಳುವವನ ಮಾತನ್ನು ಕೀಳೆಂದು ಅವರು ತಳ್ಳಲಿಲ್ಲ. ಮೈಸೂರು ಸೀಮೆಯ ಬಳಕೆಯ ಮಾತಿನ ಮುಂದೆ ಮೈಸೂರಿನದೆಂಬ ಗುರುತನ್ನೂ, ಧಾರವಾಡದ ಕಡೆಯದಕ್ಕೆ ಆ ಸೀಮೆಯ ಗುರುತನ್ನೂ ಇಟ್ಟರು. ಸುಗ್ಗಿಹಬ್ಬದ ಕಾಣಿಕೆಯನ್ನು ಸಭೆಯ ಪುಸ್ತಕದಲ್ಲಿ ಬರೆಯುವಾಗ ಕೊಟ್ಟವನ ಊರನ್ನೂ ಬರೆಯುತ್ತೇವಲ್ಲವೇ? ಆ ಗುರುತು ನಮಗೆ ಹಾಗೆಯೇ ತೋರುತ್ತದೆ. ತಮಗೆ ನೆರವಾದ ಈ ದೇಶದ ಪಂಡಿತರನ್ನು ಮುನ್ನುಡಿಯಲ್ಲಿ ಸ್ಮರಿಸುವುದನ್ನೂ ಅವರು ಮರೆಯಲಿಲ್ಲ. ಪರರಿಂದ ಪಡೆದದ್ದನ್ನು ಪಡೆದೆನೆಂದು ಒಪ್ಪಿಕೊಳ್ಳುವ ಪಂಡಿತರು ಎಷ್ಟು ಮಂದಿ!

1877ರಲ್ಲಿ ಅಯ್ಯನವರು ಸ್ವದೇಶಕ್ಕೆ ಹೋದರು. ಅಲ್ಲಿಯೇ ಉಳಿಯಬಹುದಾಗಿತ್ತು. ಆದರೆ ಕೆಲಸವು ಅರ್ಧದಲ್ಲಿ ನಿಂತಿದ್ದ ಕಾರಣ ಐವತ್ತು ದಾಟಿದ ಮೇಲೆ, 1883ರಲ್ಲಿ, ಸಮುದ್ರವನ್ನು ಮತ್ತೆ ದಾಟಿ ಬಂದು ಅದನ್ನು ಮುಂದುವರಿಸಿ, 1892ರಲ್ಲಿ ಕಡೆಯ ಸಾರಿ ಹಿಂದಿರುಗಿದರು. ಸುಮಾರು 70,000 ಪದಗಳ ಆ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯಿತ್ತಿತು. 1903ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿ, ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಅವರು ಅದೇ ಪಟ್ಟಣದಲ್ಲಿ ಪ್ರಭುವಿನ ಸನ್ನಿಧಿಗೆ ಸೇರಿದರು.

ಮದರಾಸು ವಿಶ್ವವಿದ್ಯಾಲಯದವರು ಆ ನಿಘಂಟನ್ನು ಪರಿಷ್ಕರಿಸಿ ಪುನಃ ಅಚ್ಚುಹಾಕಿಸಿದ್ದಾರೆ. ಮೈಸೂರಿನ ಕಾಲೇಜಿಗೆ ಓದಲು ಹೋದ ನಮ್ಮ ಹಳ್ಳಿಯ ಹುಡುಗನು ಅದನ್ನು ತೆರೆದರೆ, ಮನೆಯಲ್ಲಿ ಅಜ್ಜಿ ಆಡುವ ಮಾತು ಮೈಸೂರಿನ ಗುರುತಿನೊಡನೆ ಅಲ್ಲಿ ಅವನಿಗೆ ಸಿಕ್ಕೀತು.