ಜಾನ್ ಫ್ರೆಡರಿಕ್ ಡೇನಿಯಲ್



ಜೂನ್ ತಿಂಗಳು ಬಂತೆಂದರೆ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿ ಪಲ್ಲಡಂ, ಉಡುಮಲಪೇಟೆಗಳ ಗಾಳಿಯಂತ್ರಗಳನ್ನು ಭರದಿಂದ ತಿರುಗಿಸುವುದನ್ನು ನೀವು ನೋಡಿದ್ದೀರಿ. ಗಾಳಿ ನಿಂತರೆ ಆ ವಿದ್ಯುತ್ತೂ ನಿಲ್ಲುತ್ತದೆ. ಹೆಚ್ಚಾದಾಗ ಅದನ್ನು ಕೂಡಿಡುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ಹೊರಟವರು ಡೇನಿಯಲ್ ಮಹಾಶಯನನ್ನು ನೆನೆಯಲೇಬೇಕು.

ಡೇನಿಯಲ್ 1790ರ ಮಾರ್ಚ್ 12ರಂದು ಲಂಡನ್ನಿನಲ್ಲಿ ವಕೀಲರೊಬ್ಬರ ಮಗನಾಗಿ ಜನಿಸಿದನು. ಎಳೆಯ ವಯಸ್ಸಿನಲ್ಲಿ ಬಂಧುವೊಬ್ಬರ ಸಕ್ಕರೆ ಕಾರ್ಖಾನೆಯಲ್ಲಿ ದುಡಿದನು. 1820ರಲ್ಲಿ ಗಾಳಿಯ ತೇವವನ್ನು ಅಳೆಯುವ ಉಪಕರಣವನ್ನು ರಚಿಸಿದನು. 1831ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಮೊದಲ ರಸಾಯನಶಾಸ್ತ್ರ ಪ್ರಾಧ್ಯಾಪಕನಾದನು. ಮಹಾವಿಜ್ಞಾನಿ ಫ್ಯಾರಡೆ ಅವನ ಸ್ನೇಹಿತ.

1800ರಲ್ಲಿ ವೋಲ್ಟಾ ಪ್ರಕಟಿಸಿದ ವಿದ್ಯುತ್ಕೋಶದಲ್ಲಿ ಒಂದು ಕೊರತೆಯಿತ್ತು. ತಾಮ್ರದ ಮೇಲೆ ಜಲಜನಕದ ಗುಳ್ಳೆಗಳು ಮುತ್ತಿಕೊಂಡು ವಿದ್ಯುತ್ ಪ್ರವಾಹ ಬೇಗನೆ ಕುಗ್ಗುತ್ತಿತ್ತು. ಡೇನಿಯಲ್ 1836ರಲ್ಲಿ ಇದಕ್ಕೆ ಉಪಾಯ ಕಂಡನು. ತಾಮ್ರದ ಪಾತ್ರೆಯಲ್ಲಿ ಮೈಲುತುತ್ತದ ದ್ರಾವಣವನ್ನು ತುಂಬಿದನು. ನಡುವೆ ಎತ್ತಿನ ಅನ್ನನಾಳದ ಚೀಲವನ್ನಿರಿಸಿ, ಅದರೊಳಗೆ ನೀರು ಬೆರೆತ ಗಂಧಕಾಮ್ಲವನ್ನೂ ಸತುವಿನ ಸರಳನ್ನೂ ಇಟ್ಟನು. ಆ ಪೊರೆ ಎರಡು ದ್ರವಗಳನ್ನು ಸುಲಭವಾಗಿ ಬೆರೆಯಗೊಡಲಿಲ್ಲ; ಆದರೆ ವಿದ್ಯುದಂಶವುಳ್ಳ ಅಯಾನುಗಳಿಗೆ ದಾರಿ ಬಿಟ್ಟಿತು. ಗುಳ್ಳೆಗಳ ಬದಲು ತಾಮ್ರದ ಮೇಲೆ ತಾಮ್ರವೇ ಕೂಡಿತು. ಸುಮಾರು 1.1 ವೋಲ್ಟ್ ಒತ್ತಡದ ಸ್ಥಿರ ಪ್ರವಾಹ ದೊರೆಯಿತು. ಮರುವರ್ಷವೇ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಅವನಿಗೆ ಸಂದಿತು.

ಎತ್ತಿನ ಪೊರೆ ಬಹುಕಾಲ ಬಾಳುವಂಥದಲ್ಲ. ಅದರ ಸ್ಥಾನಕ್ಕೆ ಮೆರುಗಿಲ್ಲದ ಮಣ್ಣಿನ ಕುಡಿಕೆ ಬಂದಿತು. ಕುಡಿಕೆ ಬಾಳಿಕೆ ಬಂದಿತಾದರೂ ಪ್ರವಾಹಕ್ಕೆ ಹೆಚ್ಚು ಅಡ್ಡಿಯಾಯಿತು. ಆದರೂ ಈ ಕೋಶಗಳು ತಂತಿ ಕಚೇರಿಗಳಲ್ಲಿ ದಶಕಗಳ ಕಾಲ ಸೇವೆ ಸಲ್ಲಿಸಿದವು.

1845ರ ಮಾರ್ಚ್ 13ರಂದು, 55 ತುಂಬಿದ ಮರುದಿನ, ರಾಯಲ್ ಸೊಸೈಟಿಯ ಸಭೆಯಲ್ಲಿದ್ದಾಗಲೇ ಡೇನಿಯಲ್ ಅಸುನೀಗಿದನು.

ಇಂದು ಗಾಳಿ, ಬಿಸಿಲುಗಳ ವಿದ್ಯುತ್ತನ್ನು ಕೂಡಿಡಲು ಹರಿವಿನ ಬ್ಯಾಟರಿಗಳು ಬಂದಿವೆ. ಎರಡು ತೊಟ್ಟಿಗಳ ದ್ರಾವಣಗಳನ್ನು ಪಂಪುಗಳು ಒಂದು ಕೋಶದ ಮೂಲಕ ಹರಿಸುತ್ತವೆ. ನಡುವೆ ಪಾಲಿಮರಿನ ತೆಳು ಪೊರೆ. ಪೊರೆ ದಪ್ಪವಾದರೆ ಅಯಾನುಗಳ ದಾರಿ ಕಠಿಣವಾಗುತ್ತದೆ. ತೀರ ತೆಳುವಾದರೆ ದ್ರಾವಣಗಳು ಬೆರೆತು, ಕೂಡಿಟ್ಟ ಶಕ್ತಿ ಪೋಲಾಗುತ್ತದೆ. ಆಮ್ಲದಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯಲೂಬೇಕು. ಬೆಲೆಯೂ ಕೈಗೆಟುಕಬೇಕು. ಈ ಎಲ್ಲ ಗುಣಗಳುಳ್ಳ ಪೊರೆಗಾಗಿ ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ.

ಮಕ್ಕಳೇ, ಡೇನಿಯಲ್ ಎತ್ತಿಕೊಂಡ ಕೆಲಸ ಇನ್ನೂ ಮುಗಿದಿಲ್ಲ. ಪ್ರಯೋಗಶಾಲೆಯಲ್ಲಿ ಅವನ ಕೋಶವನ್ನು ಜೋಡಿಸುವಾಗ ನಡುವಿನ ಆ ಕುಡಿಕೆಯನ್ನು ಒಮ್ಮೆ ಗಮನವಿಟ್ಟು ನೋಡಿರಿ. ಅದಕ್ಕಿಂತ ಉತ್ತಮವಾದುದನ್ನು ಮಾಡುವ ಕೈ ನಿಮ್ಮಲ್ಲೊಬ್ಬರದಾಗಲಿ.