ಕುಕ್ಕಿ ಇಳಿಸುವವರಿಗೆ ವಿಮಾನ ಕಟ್ಟಿಕೊಟ್ಟ ಘಾಟಗೆ

ಉದಕಮಂಡಲ: ನೀಲಗಿರಿಯಲ್ಲಿ ವಿಮಾನ ನಿಲ್ದಾಣವಿಲ್ಲ. ಗೂಡಲೂರು, ಮಸಿನಗುಡಿ ಕಡೆಯ ಹುಡುಗರಿಗೆ ಪೈಲಟ್ ಆಗುವ ಆಸೆ ಹುಟ್ಟಿದರೆ ಘಟ್ಟ ಇಳಿಯಲೇಬೇಕು. ಆದರೂ ಈ ಜಿಲ್ಲೆಗೂ ವಾಯುಪಡೆಗೂ ಹಳೇ ನಂಟು. ಕೂನೂರು ಬಳಿಯ ವೆಲಿಂಗ್ಟನ್ ಸ್ಟಾಫ್ ಕಾಲೇಜಿಗೆ ದಶಕಗಳಿಂದ ವಾಯುಪಡೆ ಅಧಿಕಾರಿಗಳು ಓದಲು ಬರುತ್ತಾರೆ. ಹಿಂದಿನ ತಲೆಮಾರಿನಲ್ಲಿ ಹಾಗೆ ಬಂದ ಎಷ್ಟೋ ಪೈಲಟ್‌ಗಳು ಮೊದಲು ಧಡ್ ಎಂದು ನೆಲಕ್ಕೆ ಕುಕ್ಕಿ, ಬೈಸಿಕೊಂಡು, ಇಳಿಸುವುದನ್ನು ಕಲಿತದ್ದು ಎಚ್‌ಟಿ-2 ಎಂಬ ಪುಟ್ಟ ವಿಮಾನದಲ್ಲಿ. ಅದರ ವಿನ್ಯಾಸಕಾರ ಡಾ. ವಿಷ್ಣು ಮಾಧವ ಘಾಟಗೆ ಕೂಡ ಗಡಿಯವರೇ. ಆದರೆ ಆ ಗಡಿ ಬೇರೆ.

ಘಾಟಗೆ ಹುಟ್ಟಿದ್ದು 1908ರ ಅಕ್ಟೋಬರ್ 24ರಂದು, ಕೊಲ್ಹಾಪುರ ಜಿಲ್ಲೆಯ ಹಸೂರಚಂಪುವಿನಲ್ಲಿ. ಬೆಳಗಾವಿ ಜಿಲ್ಲೆಯ ಸಂಕೇಶ್ವರ ದಾಟಿದರೆ ಸಿಗುವ ಗಡಹಿಂಗ್ಲಜ ಸೀಮೆ ಅದು. ಸಂತೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಮುಂಬೈಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಜರ್ಮನಿಗೆ ಹೋದ ಘಾಟಗೆ, ಗಾಳಿಯ ಹರಿವಿನ ಶಾಸ್ತ್ರದಲ್ಲಿ ದೊಡ್ಡ ಹೆಸರಾಗಿದ್ದ ಲುಡ್ವಿಗ್ ಪ್ರಾಂಟಲ್ ಅವರ ಕೈಕೆಳಗೆ ಗಾಟಿಂಗೆನ್‌ನಲ್ಲಿ 1936ರಲ್ಲಿ ಡಾಕ್ಟರೇಟ್ ಪಡೆದರು.

ಬೆಂಗಳೂರಿನಲ್ಲಿ 1940ರ ಕೊನೆಗೆ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದರು. ಘಾಟಗೆ ಅಲ್ಲಿ 10 ಜನ ಕೂರುವ ಗ್ಲೈಡರ್ ರೂಪಿಸಿದ್ದು ಮರುವರ್ಷವೇ. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾದಾಗ ಅದನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

ಪೆಟ್ಟು ತಿನ್ನುವ ಕೆಲಸ

ಸ್ವಾತಂತ್ರ್ಯ ಬಂದಾಗ ಹುಡುಗರು ಕಲಿಯುತ್ತಿದ್ದದ್ದು ಬ್ರಿಟಿಷರ ಕಾಲದ ಬಟ್ಟೆ ಹೊದಿಸಿದ ಟೈಗರ್ ಮಾತ್‌ನಲ್ಲಿ. ಅದರ ಜಾಗಕ್ಕೆ ಘಾಟಗೆ ಲೋಹದ, ಎರಡು ಸೀಟಿನ ಎಚ್‌ಟಿ-2 ತಂದರು. 1951ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಜಮ್‌ಷೆಡ್ ಮುನ್ಷಿ ಅದನ್ನು ಮೊದಲ ಸಲ ಹಾರಿಸಿದರು.

ಹಾರಿಸುವುದಕ್ಕಿಂತ ಇಳಿಸುವುದೇ ಕಷ್ಟ ಅನ್ನೋದು ಪೈಲಟ್ ವಿದ್ಯೆ ಕಲಿತ ಎಲ್ಲರಿಗೂ ಗೊತ್ತು. ನೆಲ ಇನ್ನೆಷ್ಟು ಕೆಳಗಿದೆ ಎಂಬ ಅಂದಾಜು ಹೊಸಬರಿಗೆ ಸಿಗೋದಿಲ್ಲ. ಬೇಗ ಮೂತಿ ಎತ್ತಿದರೆ ವೇಗ ಸತ್ತು ವಿಮಾನ ಮೇಲಿಂದ ಧೊಪ್ಪನೆ ಬೀಳುತ್ತದೆ. ತಡವಾದರೆ ಇಳಿಯುವ ಭರದಲ್ಲೇ ನೆಲಕ್ಕೆ ಅಪ್ಪಳಿಸುತ್ತದೆ. ಎಚ್‌ಟಿ-2ಗೆ ಮುಂದೆ ಎರಡು ಚಕ್ರ, ಬಾಲದಲ್ಲಿ ಒಂದು ಸಣ್ಣ ಚಕ್ರ. ವಿಮಾನದ ಭಾರ ಮುಂಚಕ್ರಗಳಿಗಿಂತ ಹಿಂದಿರುವುದರಿಂದ, ಜೋರಾಗಿ ಕುಕ್ಕಿದಾಗ ಬಾಲ ಕುಸಿದು ಮೂತಿ ಏಳುತ್ತದೆ. ಆಗ ರೆಕ್ಕೆಗೆ ಗಾಳಿ ಸಿಕ್ಕಿ ವಿಮಾನ ಚೆಂಡಿನ ಹಾಗೆ ಮತ್ತೆ ನೆಗೆಯುತ್ತದೆ. ಎರಡನೇ ಪೆಟ್ಟು ಮೊದಲಿನದಕ್ಕಿಂತ ಜೋರು. ಗಾಬರಿಯಾಗಿ ಕೋಲನ್ನು ಮುಂದಕ್ಕೆ ಒತ್ತಿದರಂತೂ ಪ್ರೊಪೆಲ್ಲರ್ ನೆಲಕ್ಕೆ ತಾಗಿತು ಎನ್ನಿ! ಎಂಜಿನ್ ಜೋರು ಮಾಡಿ ಮೇಲೆದ್ದು, ಇನ್ನೊಂದು ಸುತ್ತು ಹಾಕಿ ಬರುವುದೇ ಕ್ಷೇಮ.

ಇಂಥ ಪೆಟ್ಟನ್ನು ದಿನಾ ತಿಂದು ಮರುದಿನ ಮತ್ತೆ ಹಾರುವ ವಿಮಾನ ಕಟ್ಟುವುದು ಯುದ್ಧವಿಮಾನ ಕಟ್ಟಿದಷ್ಟು ಹೆಸರು ತರುವ ಕೆಲಸವಲ್ಲ. ಎಚ್‌ಟಿ-2ರ ಚಕ್ರಗಳು ಮಡಚುವಂಥವಲ್ಲ. ಹಾಗಾಗಿ ಚಕ್ರ ಬಿಡಲು ಮರೆತು ಹೊಟ್ಟೆಯ ಮೇಲೆ ಇಳಿಸುವ ಪ್ರಶ್ನೆಯೇ ಇರಲಿಲ್ಲ. ಅಂಥ ಸುಮಾರು 170 ವಿಮಾನಗಳು ಬೆಂಗಳೂರಲ್ಲಿ ತಯಾರಾದವು. ಘಾನಾ ದೇಶದ ವಾಯುಪಡೆಗೂ 12 ಹೋದವು.

ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ಮಾಡಿದ ಹಗುರ ಪುಷ್ಪಕ್ 1958ರಲ್ಲಿ ಹಾರಿತು. 1964ರ ಸೆಪ್ಟೆಂಬರ್ 4ರಂದು ಹಾರಿದ ಕಿರಣ್ ಜೆಟ್ ತರಬೇತಿ ವಿಮಾನದ ಹಿಂದೆಯೂ ಘಾಟಗೆ ಇದ್ದರು. ಅದರಲ್ಲಿ ಚಕ್ರ ಮೂತಿಯ ಕೆಳಕ್ಕೆ ಬಂತು, ಗುರು ಶಿಷ್ಯನ ಪಕ್ಕದಲ್ಲೇ ಕೂರುವಂತಾಯಿತು. ಸೂರ್ಯಕಿರಣ್ ತಂಡ 2011ರವರೆಗೆ ಆಕಾಶದಲ್ಲಿ ಕಸರತ್ತು ಮಾಡಿದ್ದು ಇದೇ ಕಿರಣ್‌ನಲ್ಲಿ. 1965ರಲ್ಲಿ ಘಾಟಗೆಯವರಿಗೆ ಪದ್ಮಶ್ರೀ ಬಂತು.

ಅವರು ತೀರಿಕೊಂಡದ್ದು 1991ರ ಡಿಸೆಂಬರ್ 6ರಂದು, ಬೆಂಗಳೂರಿನಲ್ಲಿ. ಅಲ್ಲಿ ಎಚ್‌ಎಎಲ್‌ನ ಕನ್ವೆನ್ಷನ್ ಸೆಂಟರ್‌ಗೆ ಅವರ ಹೆಸರಿದೆ. ಹೆಸರು ಯಾರದ್ದು ಎಂದು ಒಳಗೆ ಹೋಗಿ ಬಂದವರನ್ನು ಕೇಳಿದರೆ ಎಷ್ಟು ಮಂದಿ ಹೇಳುತ್ತಾರೋ! ರಜೆಯಲ್ಲಿ ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ಯುವವರು ಎಚ್‌ಎಎಲ್ ವಿಮಾನ ಮ್ಯೂಸಿಯಂನಲ್ಲಿ ಎಚ್‌ಟಿ-2 ನೋಡಬಹುದು. ಹತ್ತಿರ ಹೋಗಿ ಮುಂದಿನ ಚಕ್ರಗಳ ಕಾಲುಗಳನ್ನು ತೋರಿಸಿ. ಪೆಟ್ಟೆಲ್ಲ ಬಿದ್ದದ್ದು ಅವಕ್ಕೇ.